ಒಂದು ಹಕ್ಕಿಗಾಗಿ ಮೂರು ದಿನ

ಎರೆಭೂತ ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ದೊಡ್ಡ ಹಕ್ಕಿ. ಅಪ್ಪ ಅದನ್ನು ನೋಡಿದ್ದು ಒಂದೇ ಸಲ, ಹತ್ತು ವರ್ಷದ ಹುಡುಗನಾಗಿದ್ದಾಗ. ಸಿರುಗುಪ್ಪದ ಕಡೆಯ ಎರೆಹೊಲ, ಬೆಳಗಿನ ಹೊತ್ತು, ಜೋಳ ಕೊಯ್ದು ಮುಗಿದಿತ್ತಂತೆ. "ಹಕ್ಕಿ ನಡದಂಗ ಇರಲಿಲ್ಲವ್ವ. ಯಾರೋ ದೊಡ್ಡ ಮನುಷ್ಯ ಕೈ ಹಿಂದಕ್ಕ ಕಟ್ಟಿಕೊಂಡು ಹೊಲ ನೋಡಾಕ ಬಂದಂಗ ಇತ್ತು" ಅನ್ನುತ್ತಾರೆ. ಈ ಮಾತನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳುತ್ತಾ ಬಂದಿದ್ದೇನೆ.

ಈಗ ಅವರಿಗೆ 71. ನಮ್ಮ ಕಡೆ ಆ ಹಕ್ಕಿ ಬೆರಳೆಣಿಕೆಯಷ್ಟು ಉಳಿದಿದೆ. ಇಡೀ ದೇಶದಲ್ಲೇ ಸುಮಾರು 150 ಇರಬಹುದು, ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ. ಹಾಗಾಗಿ ಜನವರಿಯಲ್ಲಿ ಅಪ್ಪನನ್ನು ಕರೆದುಕೊಂಡು ಅಲ್ಲಿನ ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಹೊರಟಿದ್ದೇನೆ. ಕೈಯಲ್ಲಿರುವುದು ಮೂರೇ ದಿನ. ಒಂದು ತಿಂಗಳಿಂದ ಅದರದೇ ಲೆಕ್ಕಾಚಾರ.

ಮೊದಲು ನಾನು ಮಾಡಿದ್ದ ಪಟ್ಟಿ ಉದ್ದವಿತ್ತು. ಕೋಟೆ, ಹವೇಲಿಗಳು, ಲೋಂಗೇವಾಲಾ, ತನೋಟ್, ಸಮ್ ಮರಳು ದಿಬ್ಬ, ಒಂಟೆ ಸವಾರಿ. ಒಂದು ರಾತ್ರಿ ಕುಳಿತು ಗಂಟೆ ಲೆಕ್ಕ ಹಾಕಿದೆ. ಹಕ್ಕಿ ನೋಡಲು ಉಳಿದಿದ್ದು ಒಂದೇ ಒಂದು ಬೆಳಗು. ಹೋಗುವುದೇ ಹಕ್ಕಿಗಾಗಿ ಅಲ್ವಾ? ಪಟ್ಟಿ ಹರಿದು ಹಾಕಿದೆ.

ಈ ಪಾರ್ಕ್ ನಾವು ಕ್ಯಾಲೆಂಡರ್‌ನಲ್ಲಿ ನೋಡುವ ಮರುಭೂಮಿಯ ಹಾಗಿಲ್ಲ. 1980ರಲ್ಲಿ ಘೋಷಿಸಿದ್ದು, 3,162 ಚದರ ಕಿ.ಮೀ., ಜೈಸಲ್ಮೇರ್ ಮತ್ತು ಬಾರ್ಮೇರ್ ಎರಡೂ ಜಿಲ್ಲೆಗೆ ಹರಡಿದೆ. ಮರಳು ದಿಬ್ಬ ಅದರ ಒಂದು ಭಾಗ ಮಾತ್ರ. ಉಳಿದದ್ದು ಕಲ್ಲು ನೆಲ, ಅಲ್ಲಲ್ಲಿ ಉಪ್ಪು ತಗ್ಗು, ಸೇವಣ್ ಹುಲ್ಲಿನ ಬಯಲು. ಒಳಗೆ ಊರುಗಳಿವೆ, ಜನ ಕುರಿ ಮೇಕೆ ಮೇಯಿಸುತ್ತಾರೆ. ಎರೆಭೂತಕ್ಕೆ ಬೇಕಾಗಿರುವುದು ಆ ಹುಲ್ಲುಬಯಲೇ. ಅಲ್ಲಿ ಅದರ ಹೆಸರು ಗೋಡಾವಣ್, ರಾಜಸ್ಥಾನದ ರಾಜ್ಯ ಪಕ್ಷಿ. ಅಪ್ಪ ಈ ಹೆಸರನ್ನು ಆಗಾಗ ಬಾಯಿಪಾಠ ಮಾಡುತ್ತಿದ್ದಾರೆ, ಅಲ್ಲಿ ಯಾರನ್ನಾದರೂ ಕೇಳಬೇಕಾದರೆ ಬೇಕಾಗುತ್ತದೆ ಅಂತ.

ಜನವರಿಯೇ ಯಾಕೆ ಅಂತ ಗೆಳತಿಯರು ಕೇಳಿದರು. ಗಂಡು ಹಕ್ಕಿ ಕತ್ತಿನ ಚೀಲ ಉಬ್ಬಿಸಿ ಹೆಣ್ಣನ್ನು ಕರೆಯುವುದು ನೋಡಬೇಕಾದರೆ ಬೇಸಿಗೆ, ಮಳೆಗಾಲಕ್ಕೆ ಹೋಗಬೇಕು. ನನಗೆ ಅದು ಬೇಡ. ಬೇಸಿಗೆಯ ಆ ಬಿಸಿಲು ಅಪ್ಪನಿಗೆ ಆಗುವುದಿಲ್ಲ. ಅದಕ್ಕಿಂತ ಮುಖ್ಯ, ಅದು ಮೊಟ್ಟೆ ಇಡುವ ಕಾಲ. ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ನಮ್ಮ ಜೀಪಿನ ಸದ್ದಿಗೆ ತಾಯಿ ಎದ್ದು ಹೋದರೆ ನರಿಯೋ ಕಾಗೆಯೋ ಬರಲು ಎಷ್ಟು ಹೊತ್ತು? ಚಳಿಗಾಲದಲ್ಲಿ ಆ ಭಯವಿಲ್ಲ. ಜೊತೆಗೆ ಹೊರಗಿನಿಂದ ಬಂದ ರಣಹದ್ದುಗಳೂ ಇರುತ್ತವೆ. ಚಿಂಕಾರ, ಮರುಭೂಮಿ ನರಿ ಕಂಡರೆ ಇನ್ನೂ ಸಂತೋಷ.

ಒಬ್ಬ ಪ್ಯಾಕೇಜ್‌ನವನ ಜೊತೆ ಫೋನಿನಲ್ಲಿ ಮಾತಾಡಿ ತುಂಬಾ ಬೇಜಾರಾಯಿತು. "ನೂರಕ್ಕೆ ನೂರು ತೋರಿಸ್ತೀವಿ ಮೇಡಂ, ಬೇಕಾದ್ರೆ ದಾರಿ ಬಿಟ್ಟು ಹತ್ತಿರ ಹೋಗೋಣ" ಅಂದ. ರಾತ್ರಿ ಟೆಂಟಿನಲ್ಲಿ ಡಿಜೆ ಕೂಡ ಇದೆಯಂತೆ. ಉಳಿದಿರುವುದೇ ನೂರೈವತ್ತು, ಅದರ ಹಿಂದೆ ಜೀಪ್ ಓಡಿಸುವುದಾ? ಬೇಡ ಅಂದೆ. ಆಮೇಲೆ ಹಕ್ಕಿ ನೋಡುವವರೊಬ್ಬರ ಮೂಲಕ ಅಲ್ಲಿನ ಹಳ್ಳಿಯ ಒಬ್ಬ ಗೈಡ್ ಸಿಕ್ಕಿದರು. ಅವರು ಮೊದಲು ಹೇಳಿದ್ದೇ ಮೂರು ಮಾತು: ಜೈಸಲ್ಮೇರ್‌ನ ಅರಣ್ಯ ಇಲಾಖೆ ಕಚೇರಿಯಿಂದ ಪರವಾನಗಿ ತೆಗೆದುಕೊಳ್ಳಬೇಕು, ಗಡಿ ಹತ್ತಿರವಾದ್ದರಿಂದ ಆಧಾರ್ ಮೂಲ ಪ್ರತಿ ಜೊತೆಗಿರಬೇಕು, ಹಕ್ಕಿ ಕಾಣುತ್ತದೆ ಅಂತ ಮಾತು ಕೊಡಲು ಆಗುವುದಿಲ್ಲ. ಮೂರನೆಯದು ಕೇಳಿ ಅವರನ್ನೇ ಗೊತ್ತು ಮಾಡಿದೆ.

ಜೋಧ್‌ಪುರದವರೆಗೆ ವಿಮಾನ, ಅಲ್ಲಿಂದ ಹಗಲು ರೈಲು. ರಾತ್ರಿ ರೈಲು ಹಿಡಿದರೆ ಅರ್ಧ ದಿನ ಉಳಿಯುತ್ತದೆ ನಿಜ. ಆದರೆ ಅಪ್ಪನಿಗೆ ಕಿಟಕಿ ಬೇಕು. ಹೊಲ ಕಡಿಮೆಯಾಗುತ್ತಾ ಹೋಗುವುದನ್ನು, ಖೇಜ್ರಿ ಮರಗಳನ್ನು ಅವರು ನೋಡಬೇಕು. ಜೈಸಲ್ಮೇರ್ ಹತ್ತಿರವಾದಂತೆ ಗಾಳಿಯಂತ್ರಗಳು, ವಿದ್ಯುತ್ ತಂತಿಗಳು ಜಾಸ್ತಿಯಾಗುತ್ತವೆ. ಆ ತಂತಿಗಳೇ ಈ ಹಕ್ಕಿಗೆ ಯಮ. ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಹಾರುವಾಗ ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ. ದೊಡ್ಡ ಗಂಡು 15 ಕಿಲೋವರೆಗೂ ತೂಗುತ್ತದೆ, ತಂತಿ ಕಂಡರೂ ಅಷ್ಟು ಭಾರದ ಮೈ ತಟ್ಟನೆ ತಿರುಗುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಹಕ್ಕಿಯ ಜಾಗದಲ್ಲಿ ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು ಹೇಳಿತ್ತು. 2024ರಲ್ಲಿ ಆ ಆದೇಶ ಸಡಿಲವಾಯಿತು. ನಮ್ಮ ಮನೆಗೆ ಬರುವ ಕರೆಂಟಿನಲ್ಲೂ ಇಂಥ ಬಯಲಿನ ಗಾಳಿಯದೊಂದು ಪಾಲು ಇರಬಹುದು ಅನ್ನಿಸಿದಾಗ ಮನಸ್ಸಿಗೆ ಕಷ್ಟವಾಗುತ್ತದೆ.

ಸಮಾಧಾನದ ಸುದ್ದಿಯೂ ಇದೆ. 2019ರಿಂದ ಸಮ್‌ನಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಬೆಳೆಸುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಪೇಪರಿನಲ್ಲಿ ಬಂದ ಆ ಮರಿಯ ಫೋಟೋ ಕತ್ತರಿಸಿ ಅಪ್ಪ ಫ್ರಿಜ್ ಮೇಲೆ ಅಂಟಿಸಿದ್ದಾರೆ.

ಸಾಮಾನಿನಲ್ಲಿ ಹೆಚ್ಚು ತಲೆ ಕೆಡಿಸಿಕೊಂಡಿದ್ದು ದುರ್ಬೀನಿಗೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಕೊಂಡೆ, ಇದಕ್ಕಿಂತ ಶಕ್ತಿ ಜಾಸ್ತಿಯಾದರೆ ಕೈ ನಡುಕವೂ ಜಾಸ್ತಿ ಕಾಣುತ್ತದೆ. ತಾರಸಿಯಲ್ಲಿ ಅಪ್ಪನ ಕೈಗೆ ಕೊಟ್ಟೆ. ಪಕ್ಕದ ಮನೆಯ ನೀರಿನ ಟ್ಯಾಂಕ್ ಮೇಲೆ ಕಾಗೆ ಕೂತಿತ್ತು. ಮೊದಲು ಎರಡು ವೃತ್ತ ಕಂಡವಂತೆ. ನಡುವಿನ ಗಾಲಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿದರು, ಮೊಣಕೈ ಎರಡನ್ನೂ ಗೋಡೆಗೆ ಊರಿದರು, ಉಸಿರು ಬಿಗಿಹಿಡಿದರು. "ಕಣ್ಣು ಮಿಟುಕಿಸಿದ್ದು ಕಾಣ್ತು" ಅಂದರು. ಆಸರೆ ಇದ್ದರೆ ಆಗುತ್ತದೆ ಅಂತ ಆಗ ಗೊತ್ತಾಯಿತು. ಹಳೆ ಪ್ಯಾಂಟಿನ ಕಾಲು ಕತ್ತರಿಸಿ ಚೀಲ ಹೊಲಿದೆ. ಖಾಲಿಯೇ ಒಯ್ದು, ಜೈಸಲ್ಮೇರ್‌ನಲ್ಲಿ ಎರಡು ಕಿಲೋ ಕಡಲೆ ತುಂಬಿ, ಜೀಪಿನ ಅಂಚಿನ ಮೇಲಿಟ್ಟರೆ ಮೊಣಕೈಗೆ ದಿಂಬು. ವಾಪಸ್ ಬರುವಾಗ ಕಡಲೆ ಗೈಡ್ ಮನೆಗೆ.

ಅಲ್ಲಿನ ಚಳಿ ಬಗ್ಗೆ ನನಗೆ ಅಂದಾಜಿರಲಿಲ್ಲ. ಬೆಳಗ್ಗೆ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ತೆರೆದ ಜೀಪಿನಲ್ಲಿ ಗಾಳಿ ಬೇರೆ. ಟೊಪ್ಪಿ, ಮಫ್ಲರ್, ಉಣ್ಣೆ ಕಾಲುಚೀಲ ಇಟ್ಟಿದ್ದೇನೆ. ಅಪ್ಪನ ಬಿಳಿ ಅಂಗಿಗಳನ್ನು ಹೊರಗಿಟ್ಟು ಮಣ್ಣು ಬಣ್ಣದ ಎರಡು ಅಂಗಿ ಕೊಡಿಸಿದೆ, ಬಯಲಿನಲ್ಲಿ ಬಿಳಿ ಬಹಳ ದೂರಕ್ಕೆ ಕಾಣುತ್ತದೆ.

ಮೊದಲ ದಿನ ಮಧ್ಯಾಹ್ನ ಪರವಾನಗಿ, ಸಂಜೆ ಅಕಲ್. ಊರಿನಿಂದ 17 ಕಿ.ಮೀ. ದೂರ, 18 ಕೋಟಿ ವರ್ಷ ಹಳೆಯ ಮರದ ಕಾಂಡಗಳು ಅಲ್ಲಿ ಕಲ್ಲಾಗಿ ಬಿದ್ದಿವೆ. ಈಗ ಒಣಗಿರುವ ಆ ನೆಲದಲ್ಲಿ ಕಾಡಿತ್ತು ಅನ್ನುವುದನ್ನು ಕೈಯಿಂದ ಮುಟ್ಟಬೇಕು ಅಂತ ನನ್ನ ಆಸೆ. ಎರಡನೇ ದಿನ ಕತ್ತಲಿರುವಾಗಲೇ ಹೊರಟು ಪಾರ್ಕ್‌ನೊಳಗಿನ ಸುದಾಸರಿ. ಅಲ್ಲಿ ಬೇಲಿ ಹಾಕಿ ಹುಲ್ಲು ಕಾಪಾಡಿದ ಜಾಗವಿದೆ. ಸುಮ್ನೆ ಒಂದು ಕಡೆ ಕೂತು ಕಾಯುವುದು, ಸುತ್ತಾಡುವುದಲ್ಲ.

ಮೂರನೇ ದಿನದ ಬೆಳಗ್ಗೆ ಕೋಟೆ ನೋಡೋಣ ಅಂದಿದ್ದೆ. ನಿನ್ನೆ ಅಪ್ಪ ಹಾಳೆ ತೆಗೆದುಕೊಂಡು ಕೋಟೆ ಅನ್ನುವುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಮತ್ತೆ ಸುದಾಸರಿ ಅಂತಲೇ ಬರೆದಿದ್ದಾರೆ.