ಗ್ಲೌಸ್‌ಗಿಂತ ಮೊದಲು ಕೈಪಟ್ಟಿ

ಬಾಕ್ಸರ್ ನಿಖತ್ ಜರೀನ್ ಅವರ ನಿಜಾಮಾಬಾದ್ ನಮ್ಮ ಬೀದರ್‌ಗೆ ಬಹಳ ದೂರದ ಊರಲ್ಲ. 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದ ಅವರನ್ನು ನೋಡಿ ಕಲಬುರಗಿಯ ತಗಡಿನ ಮನೆಯ ಹುಡುಗಿಯೊಬ್ಬಳು "ಅವ್ವಾ, ನಾನೂ ಬಾಕ್ಸಿಂಗ್ ಕಲೀತೀನಿ" ಅಂದರೆ, ಮನೆಯವರ ಮೊದಲ ಮಾತು "ಎಷ್ಟು ಖರ್ಚು ಬರ್ತದ?" ಅಂತಲೇ. ದುಡ್ಡು ಸ್ವಲ್ಪವೇ ಇದ್ದರೆ ಗ್ಲೌಸ್ ಆಮೇಲೆ ಬರಲಿ. ಮೊದಲು ಕೈ ಉಳಿಯಬೇಕು.

ಕೈಪಟ್ಟಿ ಅಂದರೆ ಗ್ಲೌಸ್ ಒಳಗೆ ಕೈಗೆ ಸುತ್ತುವ ಬಟ್ಟೆ. ಅದು ಸುಮಾರು 4.5 ಮೀಟರ್ ಉದ್ದ, 5 ಸೆಂ.ಮೀ. ಅಗಲ. ಕೊಳ್ಳಲಾಗದಿದ್ದರೆ ಹಳೆಯ ಕಾಟನ್ ಸೀರೆ ಸಾಕು, ಸೀರೆಯೇ 5 ಮೀಟರ್ ಮೇಲಿರುತ್ತದೆ. 10 ಸೆಂ.ಮೀ. ಅಗಲದ ಪಟ್ಟಿ ಹರಿದು, ಉದ್ದಕ್ಕೆ ಎರಡು ಮಡಿಕೆ ಮಾಡಿ ಹೊಲಿಯಿರಿ. ಒಂದು ತುದಿಯಲ್ಲಿ ಹೆಬ್ಬೆರಳು ಹೋಗುವಷ್ಟು ಕುಣಿಕೆ ಇರಲಿ. ಹೆಬ್ಬೆರಳಿಗೆ ಸಿಕ್ಕಿಸಿ, ಅಂಗೈ ಹಿಂಭಾಗದಿಂದ ತಂದು ಮಣಿಕಟ್ಟಿಗೆ ಮೂರು ಸುತ್ತು, ಬೆರಳ ಗೆಣ್ಣಿಗೆ ಮೂರು ಸುತ್ತು. ಆಮೇಲೆ ಬೆರಳುಗಳ ಸಂದಿನಲ್ಲಿ ಒಂದೊಂದು ಸಲ ಹಾಯಿಸಿ, ಪ್ರತಿ ಸಲವೂ ಮಣಿಕಟ್ಟಿಗೆ ವಾಪಸ್ ಬನ್ನಿ. ಉಳಿದದ್ದು ಮಣಿಕಟ್ಟಿಗೆ. ಸುತ್ತುವಾಗ ಬೆರಳು ಅಗಲಿಸಿಯೇ ಇರಬೇಕು. ಕೂಡಿಸಿಕೊಂಡು ಸುತ್ತಿದರೆ ಮುಷ್ಟಿ ಕಟ್ಟಿದಾಗ ರಕ್ತ ನಿಂತು ಬೆರಳ ತುದಿ ಜುಮ್ಮೆನ್ನುತ್ತದೆ. ಸೀರೆ ಬಟ್ಟೆ ಹಿಗ್ಗುವುದಿಲ್ಲ, ಆದ್ದರಿಂದ ಬಿಗಿ ಕಡಿಮೆ ಇರಲಿ. ದಿನವೂ ಒಗೆದು ಬಿಸಿಲಿಗೆ ಹಾಕದಿದ್ದರೆ ಚರ್ಮಕ್ಕೆ ತುರಿಕೆ ಹತ್ತುತ್ತದೆ.

ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಮುಷ್ಟಿ ತಪ್ಪಿದ್ದರೆ ಪ್ರಯೋಜನವಿಲ್ಲ. ಹೆಬ್ಬೆರಳು ಒಳಗೆ ಸೇರಬಾರದು, ಹೊರಗೆ ಮಡಚಿರಬೇಕು. ಏಟು ಬೀಳಬೇಕಾದದ್ದು ತೋರುಬೆರಳು, ನಡುಬೆರಳಿನ ಗೆಣ್ಣಿನಿಂದ. ಕಿರುಬೆರಳ ಕಡೆಯಿಂದ ಬೀಸಿ ಹೊಡೆದವರಿಗೇ ಹೆಚ್ಚಾಗಿ ಅಂಗೈ ಮೂಳೆ ಮುರಿಯುವುದು.

ಗುದ್ದಿ ಅಭ್ಯಾಸ ಮಾಡುವ ಬ್ಯಾಗ್ ಮನೆಯಲ್ಲೇ ಆಗುತ್ತದೆ. ಆದರೆ ಮರಳು ತುಂಬಬೇಡಿ. ಅದು ನಾಲ್ಕು ದಿನಕ್ಕೆ ಕೆಳಗಿಳಿದು ಕಲ್ಲಾಗುತ್ತದೆ, ಮಣಿಕಟ್ಟು ಹೋಗುವುದು ಅಲ್ಲೇ. ಒಂದರೊಳಗೊಂದು ಎರಡು ಗೋಣಿಚೀಲ, ಒಳಗೆ ದರ್ಜಿ ಅಂಗಡಿಯ ಚಿಂದಿ. ಗುಂಡಿ, ಹುಕ್ಕು, ಜಿಪ್ಪು ಕಿತ್ತು ಹಾಕಿ, ಗೇಣಿನಷ್ಟು ತುಂಬಿದಾಗೆಲ್ಲ ಕೋಲಿನಿಂದ ಜಡಿಯಿರಿ. ತೂಕ ಅವಳ ಮೈತೂಕದ ಅರ್ಧ, 50 ಕೆ.ಜಿ. ಹುಡುಗಿಗೆ 25 ಕೆ.ಜಿ. ಗೋಣಿ ಚರ್ಮ ತರಚುತ್ತದೆ, ಮೇಲೆ ಹಳೆ ಜೀನ್ಸ್ ಹೊಲಿಯಿರಿ. ತೂಗಾಡುವ ಭಾರ ತಗಡಿನ ಶೆಡ್ಡಿನ ಪೈಪು ಬಗ್ಗಿಸುತ್ತದೆ. ಬೇವಿನ ದಪ್ಪ ಕೊಂಬೆ ಹುಡುಕಿ, ಹಗ್ಗದ ಕೆಳಗೆ ಸೈಕಲ್ ಟ್ಯೂಬ್ ಸುತ್ತಿ. ಕೆಲವು ವಾರಕ್ಕೆ ಚಿಂದಿ ಕುಗ್ಗುತ್ತದೆ, ಮತ್ತೆ ತುಂಬಬೇಕು.

ಹಿರಿಯ ಹೆಣ್ಣುಮಕ್ಕಳ ಪಂದ್ಯ 3 ನಿಮಿಷದ 3 ಸುತ್ತು, ನಡುವೆ 1 ನಿಮಿಷ ವಿರಾಮ. ಮೊಬೈಲಿನಲ್ಲಿ ಹಾಗೇ ಗಂಟೆ ಇಟ್ಟು ಅಭ್ಯಾಸ ಮಾಡಲಿ. ಏಪ್ರಿಲ್, ಮೇ ಬಿಸಿಲಿಗೆ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಎದುರಾಳಿ ಜೊತೆ ಆಟ ಮಾತ್ರ ಕೋಚ್ ಮುಂದೆಯೇ, ಹೆಲ್ಮೆಟ್ ಮತ್ತು ಹಲ್ಲಿನ ಗಾರ್ಡ್ ಹಾಕಿಕೊಂಡೇ. ತಲೆಗೆ ಏಟು ಬಿದ್ದು ತಲೆನೋವು, ವಾಂತಿ ಬಂದರೆ ಅಂದೇ ದವಾಖಾನೆಗೆ.

ಊಟಕ್ಕೆ ಡಬ್ಬಿ ಪೌಡರ್ ಬೇಡ. ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಸಾಧ್ಯವಾದರೆ ಮೊಟ್ಟೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬೇಗ ಸುಸ್ತಾದರೆ ಸರ್ಕಾರಿ ದವಾಖಾನೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ.

ಕಡೆಗೆ ಕಾಗದ. ಪಂದ್ಯದಲ್ಲಿ ಜೂನಿಯರ್ ಗುಂಪಿಗೆ 15–16 ವರ್ಷ, ಯೂತ್ ಗುಂಪಿಗೆ 17–18, ಲೆಕ್ಕ ಹುಟ್ಟಿದ ಇಸವಿಯದು. ಶಾಲೆಗೆ ಸೇರಿಸುವಾಗ ಬರೆಸಿದ ‘ಜೂನ್ 1’ ಒಂದು ಕಡೆ, ಆಧಾರ್‌ನಲ್ಲಿ ಬೇರೆ ಇಸವಿ ಇನ್ನೊಂದು ಕಡೆ ಇದ್ದರೆ, ಪಂದ್ಯದ ಬಾಗಿಲಲ್ಲಿ ನಿಲ್ಲಬೇಕಾದೀತು. ಪಟ್ಟಿ ಹೊಲಿಯುವ ವಾರದಲ್ಲೇ ಅದನ್ನೂ ಸರಿಮಾಡಿಸಿ.