ಮೊದಲು ಗಂಜಿ, ಆಮೇಲೆ ಮಾತು

ದುಃಖದ ಮನೆಗೆ ಹೋಗುವಾಗ ನಮ್ಮತ್ತೆ ಸತ್ಯವೇದ ಹಿಡಿದುಕೊಂಡು ಹೋಗುವುದಿಲ್ಲ. ಪಾತ್ರೆ ಹಿಡಿದುಕೊಂಡು ಹೋಗುತ್ತಾರೆ. ಬೈಬಲಿನ ವಾಕ್ಯ ಗೊತ್ತಿಲ್ಲ ಅಂತಲ್ಲ. ಕೀರ್ತನೆಗಳಲ್ಲಿ ಮುಕ್ಕಾಲು ಪಾಲು ಅವರಿಗೆ ಬಾಯಿಪಾಠ. ಆದರೆ ಹಸಿದವರ ಮುಂದೆ ಬಾಯಿ ಬಿಡುವುದಕ್ಕೆ ಮುಂಚೆ ಅವರ ಬಾಯಿಗೆ ಏನಾದರೂ ಬೀಳಬೇಕು ಅನ್ನೋದು ಅವರ ಲೆಕ್ಕ.

ಈ ಲೆಕ್ಕ ನನಗೆ ಸರಿಯಾಗಿ ಅರ್ಥವಾಗಿದ್ದು ಈ ಮಳೆಗಾಲದಲ್ಲಿ.

ನಮ್ಮ ಹೊಲದ ಆಚೆ ಒಬ್ಬ ತಾತ ಇದ್ದಾರೆ. ಮಳೆ ಶುರುವಾಗುವ ಹೊತ್ತಿಗೆ ಅವರ ಹೆಂಡತಿ ತೀರಿಕೊಂಡರು. ತುಂಬಾ ದಿನದ ಕಾಯಿಲೆ. ಸಮಾಧಿ ದಿನ ಇಡೀ ಸಭೆ ಅಲ್ಲಿತ್ತು. ಒಂದು ವಾರ ಮನೆ ತುಂಬಾ ಜನ. ಆಮೇಲೆ ಗೊತ್ತಲ್ಲ, ಎಲ್ಲರಿಗೂ ಅವರವರ ಕೆಲಸ. ಮಕ್ಕಳು ಪೇಟೆಗೆ ವಾಪಸ್ ಹೋದರು. ತಾತ ಭಾನುವಾರದ ಆರಾಧನೆಗೆ ಬರುವುದನ್ನು ನಿಲ್ಲಿಸಿದರು.

ಸಭೆಯ ಹಿರಿಯರೊಬ್ಬರು ಹೋಗಿ ನೋಡಿಕೊಂಡು ಬಂದರು. ಒಳ್ಳೆಯ ಮನುಷ್ಯ. ಯಾವ ಕಷ್ಟಕ್ಕೆ ಯಾವ ವಾಕ್ಯ ಅಂತ ಅವರ ಹತ್ತಿರ ಸಿದ್ಧವಾಗಿರುತ್ತದೆ. ಓದಿದರಂತೆ, ಪ್ರಾರ್ಥಿಸಿದರಂತೆ. ತಾತ ಎಲ್ಲ ಕೇಳಿ "ಆಯ್ತು" ಅಂದು ಬಾಗಿಲು ಹಾಕಿಕೊಂಡರಂತೆ. ಹಿರಿಯರು ಬೇಜಾರಿನಲ್ಲೇ ನಮ್ಮ ಮನೆಗೆ ಬಂದರು.

"ವಿಶ್ವಾಸ ಕುಸಿದುಹೋಗಿದೆ ಅಮ್ಮ ಅವರಿಗೆ."

ಅತ್ತೆ ಅವರ ಮುಂದೆ ಕಾಫಿ ಇಟ್ಟು ಕೇಳಿದರು, "ಊಟ ಏನು ಮಾಡಿದ್ರು ಅಂತ ವಿಚಾರಿಸಿದ್ರಾ?"

ಹಿರಿಯರು ವಿಚಾರಿಸಿರಲಿಲ್ಲ. ಅದನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ವಿಚಾರಿಸುವುದಿಲ್ಲ. ಆದರಣೆ ಅಂದರೆ ಮಾತು ಅಂತಲೇ ನಮಗೆ ಅಭ್ಯಾಸವಾಗಿಬಿಟ್ಟಿದೆ.

ಮಾರನೇ ದಿನ ಬೆಳಗ್ಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಹೊರಗೆ ಜಡಿಮಳೆ. ಸೌದೆ ಎಲ್ಲ ತೇವ. ಒಲೆ ಹೊತ್ತಿಸುವುದರಲ್ಲೇ ನನ್ನ ಕಣ್ಣು ಕೆಂಪಾಗಿತ್ತು. ಒದ್ದೆ ಸೌದೆಯನ್ನು ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿಕೊಳ್ಳುತ್ತಾ, ಒಳಗಿಟ್ಟಿದ್ದ ಒಣ ಚಕ್ಕೆಗಳಲ್ಲಿ ಹೇಗೋ ಬೆಂಕಿ ಮಾಡಿದೆ.

ದುಃಖದ ಮನೆಗೆ ಏನು ಒಯ್ಯಬೇಕು ಅನ್ನೋದರಲ್ಲಿ ಅತ್ತೆಗೆ ಖಡಾಖಂಡಿತ ಅಭಿಪ್ರಾಯ ಇದೆ. ಜಾಸ್ತಿ ಅಗಿಯಬೇಕಾದ್ದು ಬೇಡ. ಅತ್ತು ಅತ್ತು ಗಂಟಲು ಒಣಗಿರುತ್ತದೆ, ಒಣ ತಿಂಡಿ ಇಳಿಯುವುದಿಲ್ಲ. ಮಸಾಲೆ ಘಾಟು ಬೇಡ. ಹಬ್ಬದ ಅಡುಗೆಯಂತೂ ಬೇಡವೇ ಬೇಡ. ವಾಪಸ್ ಕೊಡಬೇಕಲ್ಲ ಅಂತ ಅವರು ಯೋಚಿಸುವಂಥ ಒಳ್ಳೆ ಪಾತ್ರೆಯಲ್ಲಿ ಒಯ್ಯಬಾರದು. ಒಂದು ಹೊತ್ತಿಗಿಂತ ಸ್ವಲ್ಪ ಜಾಸ್ತಿ ಇರಬೇಕು, ಆದರೆ ಮೂರು ದಿನ ತಿನ್ನಿ ಅನ್ನುವಷ್ಟು ಇರಬಾರದು. "ನಾಳೆ ಮತ್ತೆ ಹೋಗೋಕೆ ಒಂದು ನೆಪ ಬೇಕಲ್ಲ" ಅಂತಾರೆ.

ಹಾಗಾಗಿ ಗಂಜಿ. ಅಕ್ಕಿ, ಅದಕ್ಕೆ ಅರ್ಧದಷ್ಟು ಹೆಸರುಬೇಳೆ. ಬೇಳೆಯನ್ನು ಒಣ ಬಾಣಲೆಯಲ್ಲಿ ಬಣ್ಣ ತಿರುಗುವುದಕ್ಕೆ ಮುಂಚೆ, ಘಮ ಬರುವಷ್ಟೇ ಹುರಿದುಕೊಂಡೆವು. ನೀರು ಎಂಟು ಪಾಲು. ಒಂದು ತುಂಡು ಶುಂಠಿ ಜಜ್ಜಿ ಹಾಕಿದರು, ಹಿತ್ತಲಿನ ಕುಂಬಳಕಾಯಿ ಸಣ್ಣಗೆ ಹೆಚ್ಚಿ ಹಾಕಿದರು. ಹೆಸರುಬೇಳೆಯ ಒಳ್ಳೆಯ ಗುಣ ಅಂದರೆ ನೆನೆಸುವ ಗೋಜಿಲ್ಲ. ಬೇಗ ಕರಗಿ ಅಕ್ಕಿಯ ಜೊತೆ ಸೇರಿಕೊಂಡುಬಿಡುತ್ತದೆ. ಉಪ್ಪು ಮಾತ್ರ ಬೆರಳ ತುದಿಯಷ್ಟು.

"ಸಪ್ಪೆ ಆಗಲ್ವಾ ಅತ್ತೆ?"

"ಸಪ್ಪೆ ಆದ್ರೆ ಕೇಳಿ ಹಾಕಿಸ್ಕೊಳ್ತಾರೆ. ಜಾಸ್ತಿ ಆದ್ರೆ ಏನು ಮಾಡ್ತೀಯ?"

ಅಡುಗೆ ನನಗೆ ಅಂಥ ಇಷ್ಟದ ಕೆಲಸ ಅಲ್ಲ. ಅದನ್ನು ಮುಚ್ಚಿಡುವುದಕ್ಕೂ ಹೋಗುವುದಿಲ್ಲ. ಕೈ ಆಡಿಸುತ್ತಾ ಅತ್ತೆಗೆ ಬ್ರದರ್ ಲಾರೆನ್ಸ್ ಕಥೆ ಹೇಳಿದೆ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಸಭೆಯ ಮಠದಲ್ಲಿದ್ದವರು. ಮೊದಲು ಸೈನಿಕರಾಗಿದ್ದರು, ಆಮೇಲೆ ಮಠಕ್ಕೆ ಸೇರಿದರು, ಅಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಮನೆ. ಸ್ವಭಾವತಃ ಅವರಿಗೆ ಆ ಕೆಲಸ ಕಂಡರೆ ಆಗುತ್ತಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆಯೂ, ಮೊಣಕಾಲೂರಿ ಪ್ರಾರ್ಥಿಸುವಾಗ ಇರುವಷ್ಟೇ ನೆಮ್ಮದಿಯಾಗಿ ದೇವರ ಜೊತೆ ಇರುತ್ತೇನೆ ಅನ್ನುತ್ತಿದ್ದರಂತೆ. 1691ರಲ್ಲಿ ತೀರಿಕೊಂಡರು. ಇವತ್ತಿಗೂ ಜನ ಅವರ ಮಾತು ಓದುತ್ತಾರೆ.

ಅತ್ತೆ ಪೂರ್ತಿ ಕೇಳಿದರು. "ಇಷ್ಟ ಇಲ್ಲದೆ ಇದ್ರೂ ಅಡುಗೆ ಚೆನ್ನಾಗಿ ಮಾಡ್ತಿದ್ರಾ?"

ಅದು ನನಗೆ ಗೊತ್ತಿರಲಿಲ್ಲ. ಅತ್ತೆಗೆ ಬೇಕಾಗಿದ್ದು ಅದೊಂದೇ ಸಂಗತಿ.

ಗಂಜಿ ಚೆನ್ನಾಗಿ ಕುದಿಯುತ್ತಿರುವಾಗಲೇ, ಅಕ್ಕಿ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ, ಅತ್ತೆ ಪಾತ್ರೆಯನ್ನು ಇಳಿಸಿಬಿಟ್ಟರು. ಮುಚ್ಚಳ ಬಿಗಿಯಾಗಿ ಹಾಕಿದರು. ಆಮೇಲೆ ಬುಟ್ಟಿ ಬಂತು. ತಳದಲ್ಲಿ ಒಂದು ಗೇಣು ಒಣಹುಲ್ಲು, ನಡುವೆ ಪಾತ್ರೆ, ಸುತ್ತಲೂ ಮತ್ತೆ ಹುಲ್ಲು. ಬೆರಳು ತೂರದಷ್ಟು ಒತ್ತಿ ತುಂಬಬೇಕು. ಮೇಲೆ ಹಳೆ ಕಂಬಳಿ ಮಡಿಸಿ ಹೊದಿಸಬೇಕು. ಇಷ್ಟಾದರೆ ಬೆಂಕಿ ಇಲ್ಲದೆಯೇ ಗಂಜಿ ಒಳಗೊಳಗೇ ಬೇಯುತ್ತಾ ಹೋಗುತ್ತದೆ. ಹುಲ್ಲಿನ ಕಡ್ಡಿಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಉರುವಲಿಗೆ ಬರ ಬಂದಾಗ ಬ್ರಿಟನ್ನಿನ ಮನೆಗಳಲ್ಲೂ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಹೀಗೇ ಅಡುಗೆ ಮಾಡುತ್ತಿದ್ದರು. ಅತ್ತೆಗೆ ಯುದ್ಧದ ವಿಷಯ ಗೊತ್ತಿಲ್ಲ. ಅವರ ಅಮ್ಮ ಹೊಲಕ್ಕೆ ಬುತ್ತಿ ಒಯ್ಯುವಾಗ ಹೀಗೆ ಮಾಡುತ್ತಿದ್ದರು, ಅಷ್ಟೇ.

ಇದರಲ್ಲಿ ಎಚ್ಚರ ವಹಿಸಬೇಕಾದ್ದೂ ಇದೆ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ಸ್ವಲ್ಪವೇ ಇದ್ದರೆ ಬೇಗ ಆರಿಹೋಗುತ್ತದೆ. ಮಧ್ಯೆ ಮುಚ್ಚಳ ತೆಗೆದು ನೋಡುವ ಚಪಲ ಇರಬಾರದು. ಬಿಸಿ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದು ಹಾಗೇ ಬಹಳ ಹೊತ್ತು ಕೂತರೆ ಅನ್ನ ಕೆಡುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ. ಅದಕ್ಕೇ ತಿನ್ನುವ ಮುಂಚೆ ಇನ್ನೊಂದು ಸಲ ಕುದಿಸಿಬಿಡುವುದು ಒಳ್ಳೆಯದು. ಅತ್ತೆಗೆ ಡಿಗ್ರಿ ಬೇಕಿಲ್ಲ. "ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಹೊಡೀಬೇಕು" ಅಂತಾರೆ.

ಬುಟ್ಟಿ ಹೊತ್ತುಕೊಂಡು ಬದುವಿನ ಮೇಲೆ ನಡೆದೆವು. ಮಳೆ ಸ್ವಲ್ಪ ಬಿಟ್ಟಿತ್ತು. ಅತ್ತೆಯ ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆ ಇರಬೇಕು. ನಾನು ಜಾರದೆ ಇದ್ದರೆ ಸಾಕಪ್ಪ ಅಂತ ಪ್ರಾರ್ಥಿಸುತ್ತಿದ್ದೆ.

ತಾತ ಬಾಗಿಲು ತೆಗೆದರು. ಗಡ್ಡ ಬೆಳೆದಿತ್ತು. "ಓದೋಕೆ ಬಂದ್ಯಾ ತಂಗಿ?" ಅಂದರು.

"ಇಲ್ಲಣ್ಣ. ಕನ್ನಡಕ ಮನೇಲೇ ಬಿಟ್ಟು ಬಂದೆ" ಅಂದರು ಅತ್ತೆ, ಅಂದುಕೊಂಡೇ ಒಳಗೆ ಹೋದರು.

ಒಲೆಯಲ್ಲಿ ಬೆಕ್ಕು ಮಲಗಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ತಣ್ಣಗಿನ ಬೂದಿಯ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಪಕ್ಕದಲ್ಲಿ ಖಾಲಿ ಬಿಸ್ಕತ್ ಪೊಟ್ಟಣಗಳು. ಅತ್ತೆ ಬೆಕ್ಕನ್ನು ಎಬ್ಬಿಸಿದರು, ಬೂದಿ ತೆಗೆದರು, ನನಗೆ ಕಣ್ಸನ್ನೆ ಮಾಡಿದರು. ನಾನು ಬೆಂಕಿ ಮಾಡಿದೆ. ಗಂಜಿ ಮತ್ತೆ ಒಂದು ಕುದಿ ಬಂತು. ಅತ್ತೆ ಬಟ್ಟಲಿಗೆ ಬಡಿಸಿ ಒಂದು ಚಮಚ ಬೆಣ್ಣೆ ಬಿಟ್ಟರು. ಅದು ಕರಗಿ ಅಂಚಿನವರೆಗೆ ಹಳದಿಯಾಗಿ ಹರಡಿತು.

ತಾತ ಬಟ್ಟಲು ನೋಡುತ್ತಾ ಕೂತರು. ನಾವೂ ಒಂದೊಂದು ಬಟ್ಟಲು ಹಾಕಿಕೊಂಡೆವು. ಇದೂ ಅತ್ತೆಯ ನಿಯಮವೇ. ಬಡಿಸಿ ಪಕ್ಕದಲ್ಲಿ ನಿಂತು ನೋಡಬಾರದು, ಜೊತೆಗೆ ಕೂತು ತಿನ್ನಬೇಕು. ತಾತ ಒಂದು ಚಮಚ ತಗೊಂಡರು. ಆಮೇಲೆ ಇನ್ನೊಂದು.

"ಉಪ್ಪಿಲ್ಲ" ಅಂದರು.

ಅತ್ತೆಯ ಮುಖ ಅರಳಿತು. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಿದರು. ತಾತ ಎದ್ದು ಹೋಗಿ ತಾವೇ ತಂದರು.

ಅರ್ಧ ಬಟ್ಟಲು ಮುಗಿದ ಮೇಲೆ ಅವರಾಗಿಯೇ ಶುರು ಮಾಡಿದರು. "ಕೊನೆಕೊನೆಗೆ ಅವಳಿಗೆ ನೀರೂ ಇಳೀತಿರ್ಲಿಲ್ಲ. ಅವಳಿಗೆ ಸಿಗದೆ ಇದ್ದದ್ದು ನನಗೆ ಯಾಕೆ ಅನ್ಸುತ್ತೆ. ಕೈ ತುತ್ತಿಗೆ ಹೋಗಲ್ಲ."

ಸಂಗತಿ ಇದು. ವಿಶ್ವಾಸ ಕುಸಿದದ್ದಲ್ಲ. ಹಿರಿಯರು ಓದಿದ ಯಾವ ವಾಕ್ಯವೂ ಈ ಪ್ರಶ್ನೆಯ ಹತ್ತಿರ ಬಂದಿರಲಿಲ್ಲ, ಏಕೆಂದರೆ ಪ್ರಶ್ನೆಯೇ ಹೊರಗೆ ಬಂದಿರಲಿಲ್ಲ. ಅತ್ತೆ ಉತ್ತರ ಕೊಡಲಿಲ್ಲ. ಅವಳು ಏನೇನು ಅಡುಗೆ ಮಾಡುತ್ತಿದ್ದಳು ಅಂತ ಕೇಳಿದರು. ತಾತ ಹೇಳುತ್ತಾ ಹೋದರು. ಮಧ್ಯೆ ಅತ್ತರು. ಮಧ್ಯೆ ಒಂದು ಸಲ ನಕ್ಕರು, ಮದುವೆಯಾದ ಹೊಸತರಲ್ಲಿ ಆಕೆ ಅನ್ನ ಸೀಯಿಸಿ ಪಾತ್ರೆಯನ್ನು ಹಿತ್ತಲಲ್ಲಿ ಹೂತಿಟ್ಟಿದ್ದನ್ನು ನೆನೆದು. ಹೊರಡುವಾಗ ತಾತ ತಾವೇ ಹೇಳಿದರು, "ಒಂದು ಪ್ರಾರ್ಥನೆ ಮಾಡಿಬಿಡು ತಂಗಿ." ಅತ್ತೆ ಎರಡೇ ಮಾತಿನಲ್ಲಿ ಮುಗಿಸಿದರು. ಅಣ್ಣನಿಗೆ ಇವತ್ತು ನಿದ್ದೆ ಕೊಡು, ನಾಳೆ ಹಸಿವು ಕೊಡು ಅಂತ.

ಅವತ್ತು ರಾತ್ರಿ ನಾನು ಸತ್ಯವೇದ ತೆಗೆದು ಕೂತೆ. ಅತ್ತೆಯ ಲೆಕ್ಕ ಅದರಲ್ಲಿ ಎಲ್ಲಾದರೂ ಇದೆಯಾ ನೋಡೋಣ ಅಂತ.

ಒಂದನೇ ಅರಸುಗಳು 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆ ಕೇಳಿ ಓಡಿಹೋಗುತ್ತಾನೆ. ಬೇರ್ಷೆಬದಲ್ಲಿ ಆಳನ್ನು ಬಿಟ್ಟು, ಒಂಟಿಯಾಗಿ ಒಂದು ದಿನದ ದಾರಿ ಕಾಡಿನೊಳಗೆ ನಡೆದು, ಒಂದು ಗಿಡದ ಕೆಳಗೆ ಕೂತು ಸಾವು ಕೊಡು ಅಂತ ಬೇಡುತ್ತಾನೆ. ನಿದ್ದೆ ಹೋಗುತ್ತಾನೆ. ಆಗ ದೇವದೂತ ಬಂದು ಏನು ಮಾಡಿದ? ಬುದ್ಧಿ ಹೇಳಲಿಲ್ಲ. ಇಷ್ಟು ಬೇಗ ಮರೆತೆಯಾ ಅಂತ ಗದರಲಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಅದಕ್ಕೂ ಬೈಯಲಿಲ್ಲ. ಎರಡನೇ ಸಲ ಬಂದು ಮತ್ತೆ ತಿನ್ನಿಸಿದ, ದಾರಿ ದೂರ ಇದೆ ಅಂದ. ಆ ಊಟದ ಬಲದಿಂದ 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ, ಎಲೀಯಾ ನಿನಗೆ ಇಲ್ಲೇನು ಕೆಲಸ ಅಂತ ದೇವರು ಕೇಳಿದ್ದು. ಎರಡು ಊಟ, ಎರಡು ನಿದ್ದೆ, ಆಮೇಲೆ ಮಾತು!

ಒಂದು ಸಿಕ್ಕಿದ ಮೇಲೆ ಬೇರೆಯವೂ ಕಣ್ಣಿಗೆ ಬಿದ್ದವು. ಯಾಯೀರನ ತೀರಿಹೋಗಿದ್ದ 12 ವರ್ಷದ ಮಗಳನ್ನು ಎಬ್ಬಿಸಿದ ಕೂಡಲೇ ಯೇಸು ಹೇಳಿದ್ದು, ಇವಳಿಗೆ ತಿನ್ನೋಕೆ ಏನಾದರೂ ಕೊಡಿ ಅಂತ. ಮನೆಯವರೆಲ್ಲ ಬೆರಗಾಗಿ ನಿಂತಿರುವಾಗ ಆ ಮಗುವಿನ ಹೊಟ್ಟೆ ನೆನಪಾಗಿದ್ದು ಅವನೊಬ್ಬನಿಗೇ. ಯೋಹಾನ 21ರಲ್ಲಿ, ರಾತ್ರಿಯಿಡೀ ಬಲೆ ಬೀಸಿ ಸೋತು ಬಂದ ಶಿಷ್ಯರಿಗೆ ದಡದಲ್ಲಿ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಯೇಸು ಯಾರೋ ಗೊತ್ತಿಲ್ಲ ಅಂತ ಶಿಷ್ಯ ಪೇತ್ರ ಮೂರು ಸಲ ಅಂದಿದ್ದು ಇನ್ನೂ ಇತ್ಯರ್ಥ ಆಗಿರಲಿಲ್ಲ. ಆ ಮಾತು ಎಲ್ಲರಿಗೂ ಊಟ ಆದಮೇಲೆ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರಂತೂ ಏಳು ಹಗಲು ಏಳು ರಾತ್ರಿ ಸುಮ್ನೆ ನೆಲದ ಮೇಲೆ ಜೊತೆಗೆ ಕೂತಿದ್ದರು, ಚೆನ್ನಾಗಿಯೇ ಇತ್ತು. ಬಾಯಿ ತೆರೆದರು, ಕೆಟ್ಟಿತು. ಜ್ಞಾನೋಕ್ತಿ 25:20 ನನಗೆ ತುಂಬಾ ಹಿಡಿಸಿತು. ನೊಂದ ಮನಸ್ಸಿನವರ ಮುಂದೆ ಹಾಡು ಹೇಳುವುದು ಚಳಿಯಲ್ಲಿ ಬಟ್ಟೆ ತೆಗೆದ ಹಾಗೆ, ಸೋಡಾದ ಮೇಲೆ ಹುಳಿ ಸುರಿದ ಹಾಗೆ ಅನ್ನುತ್ತದೆ. ಅಡುಗೆಮನೆಯಲ್ಲಿ ಒಂದು ಸಲ ಮಾಡಿ ನೋಡಿ. ಬುಸ್ಸೆಂದು ನೊರೆ ಏಳುತ್ತದೆ. ಆಮೇಲೆ ಸೋಡಾವೂ ಕೆಲಸಕ್ಕೆ ಬರುವುದಿಲ್ಲ, ಹುಳಿಯೂ ಬರುವುದಿಲ್ಲ.

ವಾಕ್ಯ ಓದಬಾರದು ಅಂತ ನಾನು ಹೇಳುತ್ತಿಲ್ಲ. ಎಲೀಯನಿಗೂ ಹೋರೇಬಿನಲ್ಲಿ ದೇವರ ಮಾತು ಬೇಕೇ ಆಗಿತ್ತು. ಬರೀ ಗಂಜಿಯಿಂದ ಯಾರ ದುಃಖವೂ ತೀರುವುದಿಲ್ಲ. ತಾತನಿಗೆ ಈಗಲೂ ಕೆಲವು ದಿನ ಬಾಗಿಲು ತೆಗೆಯಲು ಮನಸ್ಸಿರುವುದಿಲ್ಲ. ಅಂಥ ದಿನ ಜಗಲಿಯ ಮೇಲೆ ಬುಟ್ಟಿ ಇಟ್ಟು ಕೂಗಿ ಹೇಳಿ ಬರುತ್ತೇವೆ. ಸಂಜೆಗೆ ಬುಟ್ಟಿ ಒಳಗೆ ಹೋಗಿರುತ್ತದೆ.

ಎಲೀಯನ ಸಂಗತಿಯನ್ನು ಅತ್ತೆಗೆ ಓದಿ ಹೇಳಿದೆ. "ಸುಟ್ಟ ರೊಟ್ಟಿ ಗಂಟಲಿಗೆ ಸ್ವಲ್ಪ ಒಣ ಆಗುತ್ತೆ. ಅದಕ್ಕೇ ನೀರೂ ಇಟ್ಟಿದ್ದಾನೆ ನೋಡು" ಅಂದರು. ಅಧ್ಯಾಯದ ಬಗ್ಗೆ ಅವರ ವ್ಯಾಖ್ಯಾನ ಅಷ್ಟೇ.

ಈಗ ನಾಲ್ಕೈದು ಮನೆಯವರು ಸರದಿ ಮಾಡಿಕೊಂಡಿದ್ದೇವೆ. ಹಿರಿಯರನ್ನೂ ಅತ್ತೆ ಬಿಡಲಿಲ್ಲ. ಅವರಿಗೆ ಅಡುಗೆ ಬರುವುದಿಲ್ಲ, ಆದರೆ ಸೌದೆ ಒಡೆಯುವುದರಲ್ಲಿ ನಮ್ಮೂರಲ್ಲಿ ಅವರನ್ನು ಮೀರಿಸುವವರಿಲ್ಲ. ಶನಿವಾರ ತಾತನ ಹಿತ್ತಲಲ್ಲಿ ಕೊಡಲಿ ಹಿಡಿಯುತ್ತಾರೆ, ಒಡೆದದ್ದನ್ನು ತಾತ ಸೂರಿನ ಕೆಳಗೆ ಜೋಡಿಸುತ್ತಾರೆ. ಇಬ್ಬರೂ ಜಾಸ್ತಿ ಮಾತಾಡುವುದಿಲ್ಲವಂತೆ. ಹೋದ ವಾರ ತಾತನೇ ಕೇಳಿದರಂತೆ, "ಅವತ್ತು ಏನೋ ಓದಿದ್ರಲ್ಲ, ಅದು ಎಲ್ಲಿದೆ?" ಅಂತ. ಹಿರಿಯರು ಕೊಡಲಿ ಕೆಳಗಿಟ್ಟು ಅಧ್ಯಾಯ, ವಚನ ಹೇಳಿ ಮತ್ತೆ ಸೌದೆ ಒಡೆಯೋಕೆ ಶುರು ಮಾಡಿದರಂತೆ. ಕಲಿತುಬಿಟ್ಟಿದ್ದಾರೆ!

ಬುಧವಾರ ನಮ್ಮ ಸರದಿ. ತಾತ ಈಗಲೇ ಹೇಳಿ ಕಳಿಸಿದ್ದಾರೆ, ಕುಂಬಳಕಾಯಿ ಸಾಕಾಗಿದೆಯಂತೆ.