ಹಸಿರು ಕಾರ್ಡ್‌ನ ಎರಡು ನಿಮಿಷ

ಕೊಡಗಿನ ಪೊನ್ನಂಪೇಟೆ ಕಡೆ ಮಕ್ಕಳಿಗೆ ಹಾಕಿ ಹೇಳಿಕೊಡುವುದು ನನ್ನ ಕೆಲಸ. ಇಲ್ಲಿ ಬರುವ ಹೆಚ್ಚಿನ ಮಕ್ಕಳಿಗೆ ಸ್ಟಿಕ್ ಹಿಡಿಯುವುದು ಮನೆಯಲ್ಲೇ ಅಭ್ಯಾಸವಾಗಿರುತ್ತದೆ. ಓಟ, ಪಾಸ್, ಡ್ರಿಬ್ಲಿಂಗ್ ಎಲ್ಲದರಲ್ಲೂ ಒಬ್ಬರಿಗಿಂತ ಒಬ್ಬರು ಜೋರು. ವ್ಯತ್ಯಾಸ ಕಾಣುವುದು ಪಂದ್ಯ ಬಿಗಿಯಾದಾಗ. ಬಾಲ್ ಕೈತಪ್ಪಿದ ಕೂಡಲೇ ಒಬ್ಬ ತಿರುಗಿ ಓಡುತ್ತಾನೆ. ಇನ್ನೊಬ್ಬ ಅಂಪೈರ್ ಕಡೆ ಕೈ ಚಾಚಿ ಅಲ್ಲೇ ನಿಂತುಬಿಡುತ್ತಾನೆ.

ನಮ್ಮ ಮತ್ತು ಬೇರೆಯವರ ಭಾವನೆ ಗುರುತಿಸಿ, ಅದನ್ನು ಹತೋಟಿಯಲ್ಲಿಟ್ಟು ಬಳಸಿಕೊಳ್ಳುವುದಕ್ಕೆ ಭಾವನಾತ್ಮಕ ಬುದ್ಧಿವಂತಿಕೆ ಅಂತಾರೆ. ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವೇ ಮತ್ತು ಜಾನ್ ಮೇಯರ್ 1990ರಲ್ಲಿ ಇದರ ಬಗ್ಗೆ ಬರೆದರು. ಇದು ಹುಟ್ಟಿನಿಂದ ಬರಬೇಕು ಅಂತ ಹಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ರಿವರ್ಸ್ ಹಿಟ್ ಕಲಿಸುವ ಹಾಗೆ ಇದನ್ನೂ ಕಲಿಸಬಹುದು.

ತಪ್ಪಾಟಕ್ಕೆ ಅಂಪೈರ್ ಹಸಿರು ಕಾರ್ಡ್ ತೋರಿಸಿದರೆ ಆಟಗಾರ ಎರಡು ನಿಮಿಷ ಹೊರಗೆ. ತಂಡ ಅಷ್ಟು ಹೊತ್ತು ಒಬ್ಬರು ಕಡಿಮೆ ಇಟ್ಟುಕೊಂಡು ಆಡಬೇಕು. ಪಂದ್ಯದಲ್ಲಿ ಆಗ ನಾನು ಪಕ್ಕದಲ್ಲಿ ಇರುವುದಿಲ್ಲ. ಅದಕ್ಕೇ ಪ್ರಾಕ್ಟೀಸ್‌ನಲ್ಲಿ ಬೇಕಂತಲೇ ಒಂದೊಂದು ತಪ್ಪು ತೀರ್ಪು ಕೊಟ್ಟು ಕಾರ್ಡ್ ತೋರಿಸುತ್ತೇನೆ. ಹುಡುಗ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಹಲ್ಲು ಕಚ್ಚಿರುತ್ತಾನೆ, ಸ್ಟಿಕ್ ಹಿಡಿದ ಬೆರಳ ಗೆಣ್ಣು ಬೆಳ್ಳಗಾಗಿರುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಬಿಡುತ್ತೇನೆ. ಆಮೇಲೆ ಕೇಳುತ್ತೇನೆ, "ಏನಾಗ್ತಿದೆ ಒಳಗೆ?"

"ಏನಿಲ್ಲ ಸರ್."

ಕಾಯಬೇಕು.

"ಸಿಟ್ಟು ಬರ್ತಿದೆ ಸರ್. ನಾನು ಸ್ಟಿಕ್ ಅಡ್ಡ ಹಾಕಿರಲೇ ಇಲ್ಲ."

"ಸರಿ, ಸಿಟ್ಟು. ಕೈ ಸಡಿಲ ಬಿಡು, ಉಸಿರು ನಿಧಾನ ಬಿಡು. ಒಳಗೆ ಹೋದ ಮೇಲೆ ಮೊದಲು ಏನು ಮಾಡ್ತೀಯ? ಒಂದೇ ಒಂದು ಹೇಳು."

"ಅವರ ರೈಟ್ ಹಾಫ್‌ನ ಹಿಡೀತೀನಿ ಸರ್."

ಇಷ್ಟೇ. ಇದು ರೂಢಿಯಾದರೆ ಪಂದ್ಯದ ದಿನ ಹುಡುಗನೇ ತನ್ನನ್ನು ಕೇಳಿಕೊಳ್ಳುತ್ತಾನೆ. ಸಿಟ್ಟು ಹೋಗಬೇಕಾಗಿಲ್ಲ, ಅದಕ್ಕೊಂದು ಕೆಲಸ ಸಿಕ್ಕರೆ ಸಾಕು.

2024ರ ಪ್ಯಾರಿಸ್ ಒಲಿಂಪಿಕ್ಸ್ ಹಾಕಿ ಕ್ವಾರ್ಟರ್ ಫೈನಲ್‌ನ ವಿಡಿಯೊವನ್ನು ಮಕ್ಕಳ ಜೊತೆ ಕೂತು ನೋಡುತ್ತೇನೆ. 17ನೇ ನಿಮಿಷಕ್ಕೆ ಭಾರತದ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ ಆಟವೆಲ್ಲ ನಮ್ಮವರು ಹತ್ತೇ ಜನ. ಆದರೂ ಬ್ರಿಟನ್ ಜೊತೆ 1-1 ಸಮ, ಶೂಟೌಟ್‌ನಲ್ಲಿ 4-2 ಗೆಲುವು. ಆ ತಂಡಕ್ಕೆ ಮನಸ್ಸಿನ ತಯಾರಿಗೆಂದೇ ಪ್ಯಾಡಿ ಅಪ್ಟನ್ ಇದ್ದರು. ಗೋಲು ಆಮೇಲೆ ನೋಡೋಣ, ಕಾರ್ಡ್ ಬಿದ್ದ ಮೇಲೆ ಯಾರು ಯಾರ ಜಾಗ ತುಂಬಿದರು ನೋಡಿ ಅಂತ ಮಕ್ಕಳಿಗೆ ಹೇಳುತ್ತೇನೆ.

ಎಲ್ಲರಿಗೂ "ಸಮಾಧಾನ, ಸಮಾಧಾನ" ಅಂದರೆ ಆಗುವುದಿಲ್ಲ. ಒಬ್ಬೊಬ್ಬ ಆಟಗಾರ ಚೆನ್ನಾಗಿ ಆಡುವ ಮನಸ್ಥಿತಿ ಬೇರೆ ಬೇರೆ ಅಂತ ಯೂರಿ ಹಾನಿನ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ. ನಮ್ಮ ಗೋಲ್‌ಕೀಪರ್ ಹುಡುಗಿಗೆ ಪಂದ್ಯಕ್ಕೆ ಮುಂಚೆ ಮೌನ ಬೇಕು. ಸೆಂಟರ್ ಫಾರ್ವರ್ಡ್‌ಗೆ ಯಾರಾದರೂ ಬೆನ್ನು ತಟ್ಟಿ ಹುರಿದುಂಬಿಸಬೇಕು.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಭಾರ ಸೇರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದಿತ್ತು. ನನಗೆ ತುಂಬಾ ಹೆಮ್ಮೆಯ ವಿಷಯ. ಆದರೆ ಚಿಕ್ಕಪ್ಪ, ಅಕ್ಕ, ಮಾವಂದಿರ ಎದುರು ಮನೆತನದ ಹೆಸರಲ್ಲಿ ಆಡುವ ಹದಿನಾಲ್ಕರ ಹುಡುಗನಿಗೆ ಒಂದು ಬಾಲ್ ತಪ್ಪಿದರೂ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೇ, ಅವಮಾನ ಮಾಡಿದೆ ಅನ್ನಿಸುತ್ತದೆ. ಅದಕ್ಕೇ ಮನೆಯ ಹಿರಿಯರನ್ನು ಕೇಳಿಕೊಳ್ಳುತ್ತೇನೆ: ಗ್ಯಾಲರಿಯಿಂದ ಹೆಸರು ಕೂಗಿ, ತಪ್ಪು ಕೂಗಬೇಡಿ. ಮೈದಾನದಿಂದ ಮನೆಗೆ ಹೋಗುವ ದಾರಿಯಲ್ಲಿ ಪಂದ್ಯದ ಮಾತು ಬೇಡ. ಮಾರನೇ ದಿನ ಅವನೇ ಆ ಬಾಲ್ ಬಗ್ಗೆ ಕೇಳಿದರೆ, ಆಗ ಎಷ್ಟು ಬೇಕಾದರೂ ಹೇಳಿಕೊಡಿ.